ಒಂಟಿ ಪ್ರಯಾಣದ ಮೊದಲ ದಿನ

ಯುರೋಪ್ ಪ್ರವಾಸ ಎಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಎರಡು ಚಿತ್ರ. ಒಂದು, ಐಫೆಲ್ ಗೋಪುರದ ಎದುರು ಕೈ ಚಾಚಿ ನಿಂತ ಫೋಟೊ. ಇನ್ನೊಂದು, ‘ಎಂಟು ದಿನದಲ್ಲಿ ಐದು ದೇಶ’ ಎಂಬ ಟ್ರಾವೆಲ್ಸ್‌ನವರ ಜಾಹೀರಾತು. ಈ ಎರಡರಲ್ಲೂ ಕಾಣದ ಸಂಗತಿಯೊಂದಿದೆ. ಯಾರ ಜೊತೆಯೂ ಇಲ್ಲದೆ, ಸ್ವಂತ ಖರ್ಚಿನಲ್ಲಿ, ಗೊತ್ತಿಲ್ಲದ ಊರಿಗೆ ಹೋಗಿ ಇಳಿದವರ ಮೊದಲ ದಿನ. ಆ ದಿನದ ಫೋಟೊವನ್ನು ಯಾರೂ ಸ್ಟೇಟಸ್‌ಗೆ ಹಾಕುವುದಿಲ್ಲ. ನಿದ್ದೆಗೆಟ್ಟ ಮುಖ, ಬೆನ್ನಿಗೆ ಬ್ಯಾಗು, ಕೈಯಲ್ಲಿ ಚಾರ್ಜ್ ಮುಗಿಯುತ್ತ ಬಂದ ಮೊಬೈಲು. ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಕಲಿಸುವುದು ಆ ದಿನವೇ ಎಂಬುದು ನನ್ನ ಅಭಿಪ್ರಾಯ. ಅದನ್ನು ಎದುರಿಸುವ ತಯಾರಿಯನ್ನು ನಾವು, ಅಂದರೆ ಮನೆಯವರೂ ಕಾಲೇಜಿನವರೂ, ನಮ್ಮ ಮಕ್ಕಳಿಗೆ ಕೊಡುತ್ತಿಲ್ಲ ಎಂಬುದು ನನ್ನ ದೂರು.

‘ನಮಗೂ ಯುರೋಪಿಗೂ ಏನು ಸಂಬಂಧ ಸರ್?’ ಎಂದು ಕೇಳುವವರಿದ್ದೀರಿ. ರಜೆ ಕಳೆಯಲು ಅಲ್ಲಿಗೆ ಹೋಗುವವರು ನಿಮ್ಮಲ್ಲಿ ಕೆಲವರೇ ಇರಬಹುದು. ಆದರೆ ಓದಿಗೆ ಜರ್ಮನಿಗೋ ಐರ್ಲೆಂಡಿಗೋ, ಕೆಲಸಕ್ಕೆ ಕೊಲ್ಲಿ ದೇಶಗಳಿಗೋ, ಅದೂ ಇಲ್ಲವಾದರೆ ಬೆಂಗಳೂರಿಗೋ ಒಬ್ಬರೇ ಹೋಗಿ ಇಳಿಯುವ ದಿನ ನಿಮ್ಮಲ್ಲಿ ಹೆಚ್ಚಿನವರ ಬದುಕಿನಲ್ಲಿ ಬಂದೇ ಬರುತ್ತದೆ. ಪಿಯುಸಿ ಮುಗಿದ ಮೇಲೆ ಅದಕ್ಕೆ ಹೆಚ್ಚು ವರ್ಷ ಬೇಕಾಗುವುದಿಲ್ಲ. ರಜೆಗೆ ಹೋದವನಿಗೂ ಓದಲು ಹೋದವಳಿಗೂ ಮೊದಲ ದಿನ ಒಂದೇ ತರ ಇರುತ್ತದೆ.

ಇತಿಹಾಸದ ಪಾಠದಲ್ಲಿ ನೀವು ಇಬ್ನ್ ಬತೂತನ ಹೆಸರು ಓದಿದ್ದೀರಿ. ಪರೀಕ್ಷೆಗೆ ‘ಮೊರಾಕ್ಕೊದ ಪ್ರವಾಸಿ, ಮುಹಮ್ಮದ್ ಬಿನ್ ತುಘಲಕ್‌ನ ಕಾಲದಲ್ಲಿ ಬಂದವನು’ ಎಂದು ಬರೆದು ಎರಡು ಅಂಕ ತೆಗೆದುಕೊಂಡಿದ್ದೀರಿ. ಅವನ ಮೊದಲ ದಿನಗಳ ಬಗ್ಗೆ ಪಠ್ಯಪುಸ್ತಕ ಹೇಳುವುದಿಲ್ಲ. 1325ರಲ್ಲಿ ಅವನು ತಾಂಜಿಯರ್ ಬಿಟ್ಟು ಹಜ್ ಯಾತ್ರೆಗೆ ಹೊರಟಾಗ ವಯಸ್ಸು 21. ಜೊತೆಗಾರರಿರಲಿಲ್ಲ, ಸೇರಿಕೊಳ್ಳಲು ಆರಂಭದಲ್ಲಿ ಒಂದು ಕಾರವಾನೂ ಇರಲಿಲ್ಲ. ತಂದೆ ತಾಯಿ ಇಬ್ಬರೂ ಬದುಕಿದ್ದರು, ಅವರನ್ನು ಬಿಟ್ಟು ಬರುವುದು ಎಷ್ಟು ಕಷ್ಟವಾಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. ದಾರಿಯಲ್ಲಿ ಜ್ವರ ಬಂತು. ಬೀಳದಿರಲೆಂದು ಮುಂಡಾಸಿನ ಬಟ್ಟೆಯಿಂದ ತನ್ನನ್ನು ಜೀನಿಗೆ ಕಟ್ಟಿಕೊಂಡು ಸವಾರಿ ಮಾಡಿದ. ಕೊನೆಗೆ ಟ್ಯುನಿಸ್ ಪಟ್ಟಣ ತಲುಪಿದಾಗ ಊರಿನವರು ಬಂದು ಪರಿಚಯದವರಿಗೆಲ್ಲ ಸಲಾಂ ಹೇಳಿ ಬರಮಾಡಿಕೊಂಡರು. ಇವನಿಗೆ ಸಲಾಂ ಹೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಆಗ ಅವನು ಅತ್ತುಬಿಟ್ಟ. ಯಾತ್ರಿಕನೊಬ್ಬ ಅದನ್ನು ಗಮನಿಸಿ ಹತ್ತಿರ ಬಂದು ಸಲಾಂ ಹೇಳಿ, ಊರು ಸೇರುವವರೆಗೂ ಮಾತಾಡಿಸುತ್ತ ಬಂದ.

ಮುಂದೆ ಸುಮಾರು ಮೂರು ದಶಕ ಲೋಕ ಸುತ್ತಿದ ಮನುಷ್ಯ ಇವನು. ದೆಹಲಿಯಲ್ಲಿ ಕಾಝಿಯಾದ. ನಮ್ಮ ಕರಾವಳಿಗೂ ಬಂದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎಂದು ಬರೆಸಿದ. ಮಂಗಳೂರಿನಲ್ಲಿ ಪರ್ಶಿಯಾದ, ಯೆಮನ್‌ನ ವ್ಯಾಪಾರಿಗಳು ಬಂದಿಳಿಯುವುದನ್ನು ಹೇಳಿದ. ಯುರೋಪಿನ ನೆಲದಲ್ಲೂ ಕಾಲಿಟ್ಟ. ಸುಮಾರು 1350ರಲ್ಲಿ ಗ್ರನಾಡಕ್ಕೆ ಹೋದಾಗ ಅಲ್ಲಿ ನೆಲೆಸಿದ್ದ ಹೊರನಾಡಿನ ಫಕೀರರಲ್ಲಿ ಹಿಂದೂಸ್ತಾನದವರೂ ಇದ್ದರು ಎಂದು ಹೇಳುತ್ತಾನೆ. ಇಷ್ಟೆಲ್ಲ ನೋಡಿದವನು ಮುದುಕನಾಗುವ ಹೊತ್ತಿಗೆ ಆ ಮೊದಲ ಅಳುವನ್ನು ಮರೆತುಬಿಡಬಹುದಿತ್ತು, ಮುಚ್ಚಿಡಬಹುದಿತ್ತು. ಅವನು ಅದನ್ನು ಪುಸ್ತಕದ ಆರಂಭದಲ್ಲೇ ಬರೆಸಿದ. ಮೊದಲ ದಿನದ ಒಂಟಿತನಕ್ಕೆ ನಾಚಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ಬೇಸಿಗೆ ರಜೆಯಲ್ಲಿ ಒಬ್ಬನೇ ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್ ನೋಡಿ ಬಂದವನು ನಾನು. ಮೊದಲ ದಿನ ವಿಯೆನ್ನಾದಲ್ಲಿ. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ.

ಮೊದಲ ದಿನ ನಿಜವಾಗಿ ಶುರುವಾಗುವುದು ಎರಡು ಮೂರು ತಿಂಗಳ ಮೊದಲು, ವೀಸಾ ಅರ್ಜಿಯ ಜೊತೆ. ಷೆಂಗೆನ್ ಎಂಬ ಒಂದೇ ವೀಸಾದಲ್ಲಿ 29 ದೇಶಗಳಿಗೆ ಹೋಗಬಹುದು. 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಶುಲ್ಕ 90 ಯೂರೋ, ಅರ್ಜಿ ತಿರಸ್ಕಾರವಾದರೆ ಅದು ವಾಪಸ್ ಬರುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಉಳಿಯುವ ಜಾಗದ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಜಾಗದಿಂದ ರಜೆ ಪತ್ರ, ಎಲ್ಲವನ್ನೂ ಜೋಡಿಸಬೇಕು. ಟ್ರಾವೆಲ್ಸ್‌ನವರಿಗೆ ಹಣ ಕೊಟ್ಟರೆ ಇದನ್ನೆಲ್ಲ ಅವರೇ ಮಾಡಿಕೊಡುತ್ತಾರೆ. ನೀವೇ ಮಾಡಿ ಎಂಬುದು ನನ್ನ ಸಲಹೆ. ತನ್ನ ಕಾಗದಪತ್ರ ಏನು, ಎಲ್ಲಿದೆ, ಅದರಲ್ಲಿ ಏನು ಬರೆದಿದೆ ಎಂದು ಗೊತ್ತಿರುವವನಿಗೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ‘ಯಾಕೆ ಬಂದಿರಿ, ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ’ ಎಂದು ಕೇಳಿದಾಗ ಗಂಟಲು ಒಣಗುವುದಿಲ್ಲ. ಹೆಸರು ನೋಡಿ ಇನ್ನೆರಡು ಪ್ರಶ್ನೆ ಹೆಚ್ಚು ಕೇಳುತ್ತಾರೇನೋ ಎಂಬ ಅಳುಕು ನಮ್ಮಲ್ಲಿ ಹಲವರಿಗೆ ಇದೆ. ಅದಕ್ಕೆ ಮದ್ದು ಸರಿಯಾದ ಕಾಗದ, ನೇರವಾದ ಉತ್ತರ.

ಇಳಿದ ಮೇಲೆ ಮೊದಲ ಪಾಠ ಸ್ಟೇಷನ್ನಿನಲ್ಲಿ. ವಿಯೆನ್ನಾದ ಮೆಟ್ರೊದಲ್ಲಿ ಬೆಂಗಳೂರಿನಂತೆ ಗೇಟು ಇಲ್ಲ. ಟಿಕೆಟ್ ಕೇಳುವವರಿಲ್ಲ, ತಡೆಯುವವರಿಲ್ಲ. ನೇರ ಹೋಗಿ ರೈಲು ಹತ್ತಬಹುದು. ಹಾಗೆಂದು ಪುಕ್ಕಟೆ ಅಲ್ಲ. ಟಿಕೆಟ್ ತೆಗೆದು, ಸಣ್ಣ ಯಂತ್ರದಲ್ಲಿ ಅದಕ್ಕೆ ನಾವೇ ಮೊಹರು ಹೊಡೆದುಕೊಳ್ಳಬೇಕು. ಯಾವತ್ತಾದರೊಮ್ಮೆ ತಪಾಸಣೆಯವರು ಬರುತ್ತಾರೆ, ಟಿಕೆಟ್ ಇಲ್ಲದಿದ್ದರೆ ದಂಡ ನೂರು ಯೂರೋಗೂ ಹೆಚ್ಚು. ಒಂದು ಊರು ತನ್ನ ಜನರನ್ನು ನಂಬುವ ರೀತಿ ಇದು. ಆ ನಂಬಿಕೆಯಲ್ಲಿ ಹೊರಗಿನಿಂದ ಬಂದ ನಮ್ಮನ್ನೂ ಸೇರಿಸಿಕೊಂಡಿದೆ. ಯಾರೂ ನೋಡದಿರುವಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದನ್ನು ನೈತಿಕತೆಯ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಅಲ್ಲಿ ಅದು ಎರಡು ನಿಮಿಷದ ಪರೀಕ್ಷೆಯಾಗಿ ಎದುರಿಗೆ ನಿಲ್ಲುತ್ತದೆ.

ಎರಡನೆಯ ಪಾಠ ರಸ್ತೆ ದಾಟುವುದು. ನಮ್ಮ ಕಣ್ಣು ಅಭ್ಯಾಸಬಲದಿಂದ ಮೊದಲು ಬಲಕ್ಕೆ ಹೋಗುತ್ತದೆ. ಅಲ್ಲಿ ವಾಹನ ಬರುವುದು ಎಡದಿಂದ. ಟ್ರಾಮು ಸದ್ದಿಲ್ಲದೆ ಬರುತ್ತದೆ, ಫುಟ್‌ಪಾತಿನ ಪಕ್ಕದಲ್ಲೇ ಸೈಕಲ್ ದಾರಿ ಇರುತ್ತದೆ. ವಾಹನ ಒಂದೂ ಇಲ್ಲದಿದ್ದರೂ ಕೆಂಪು ದೀಪ ಇದ್ದರೆ ಜನ ನಿಂತೇ ಇರುತ್ತಾರೆ. ಹದಿನೆಂಟು ವರ್ಷದ ಅಭ್ಯಾಸವನ್ನು ದೇಹ ಒಂದೇ ದಿನದಲ್ಲಿ ತಿದ್ದಿಕೊಳ್ಳಬೇಕು. ಗುಂಪಿನಲ್ಲಿ ಹೋದರೆ ಇದು ತಿಳಿಯುವುದೇ ಇಲ್ಲ. ಮುಂದಿನವನ ಬೆನ್ನು ನೋಡಿಕೊಂಡು ದಾಟಿಬಿಡುತ್ತೇವೆ.

ಮೂರನೆಯದು ದಿಕ್ಕು. ಇಲ್ಲಿ ನಮಾಝಿಗೆ ನಾವು ಪಶ್ಚಿಮಕ್ಕೆ ನಿಲ್ಲುತ್ತೇವೆ. ಎಷ್ಟರಮಟ್ಟಿಗೆ ಎಂದರೆ ಪಶ್ಚಿಮ ಎಂದರೇ ಕಿಬ್ಲಾ ಎಂದುಕೊಂಡು ಬೆಳೆದಿರುತ್ತೇವೆ. ವಿಯೆನ್ನಾದಲ್ಲಿ ಕಿಬ್ಲಾ ಆಗ್ನೇಯಕ್ಕೆ. ಹಾಸ್ಟೆಲ್ ಕೋಣೆಯ ಮೂಲೆಯಲ್ಲಿ ಮುಸಲ್ಲಾ ಹಾಸುವಾಗ, ನನ್ನ ಊರಿನ ದಿಕ್ಕು ಲೋಕದ ದಿಕ್ಕಲ್ಲ ಎಂಬ ಮಾತು ಭೂಗೋಳದ ಯಾವ ನಕ್ಷೆಯೂ ಹೇಳದಷ್ಟು ಸ್ಪಷ್ಟವಾಗಿ ಅರ್ಥವಾಗುತ್ತದೆ. ಸಮಯವೂ ಹಾಗೆಯೇ. ಮೇ ತಿಂಗಳ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಎಂಟೂವರೆ ದಾಟಿರುತ್ತದೆ.

ಇನ್ನು ‘ಏನು ನೋಡಬೇಕು’ ಎಂಬ ಪ್ರಶ್ನೆ. ಮೊದಲ ದಿನಕ್ಕೆ ಪಟ್ಟಿ ಮಾಡಬೇಡಿ ಎಂದೇ ನಾನು ಹೇಳುತ್ತೇನೆ. ಟಿಕೆಟ್ ಕೊಟ್ಟು ಒಳಗೆ ಹೋಗುವ ಯಾವ ಜಾಗವನ್ನೂ ಅಂದು ಇಟ್ಟುಕೊಳ್ಳಬೇಡಿ. ಕೋಣೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಮೂರು ಗಂಟೆಗೆ. ಅಷ್ಟರವರೆಗೆ ಬ್ಯಾಗನ್ನು ಸ್ಟೇಷನ್ನಿನ ಲಾಕರಿನಲ್ಲಿಟ್ಟು ಸುಮ್ಮನೆ ನಡೆಯಿರಿ. ವಿಯೆನ್ನಾದ ಹಳೆಯ ಊರನ್ನು ಸುತ್ತುವ ರಿಂಗ್‌ಸ್ಟ್ರಾಸೆ ಎಂಬ ಅಗಲವಾದ ರಸ್ತೆ ಇದೆ, ಐದು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು ಉದ್ದ. ಎರಡೂ ಬದಿಯಲ್ಲಿ ಮರಗಳು, ನಡುವೆ ಟ್ರಾಮು. ಸಂಸತ್ತು, ವಿಶ್ವವಿದ್ಯಾಲಯ, ಒಪೆರಾ, ಮ್ಯೂಸಿಯಂ ಎಲ್ಲವೂ ಇದರ ಬದಿಯಲ್ಲೇ ಸಾಲಾಗಿ ನಿಂತಿವೆ. ಇದು ಮೊದಲು ರಸ್ತೆಯಾಗಿರಲಿಲ್ಲ. 1529ರಲ್ಲಿ, ಮತ್ತೆ 1683ರಲ್ಲಿ ಉಸ್ಮಾನಿಯಾ ಸೈನ್ಯ ಮುತ್ತಿಗೆ ಹಾಕಿದಾಗ ಊರನ್ನು ಉಳಿಸಿದ ಕೋಟೆಗೋಡೆ ಇದ್ದ ಜಾಗ ಇದು. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಗೋಡೆ ಕೆಡವಲು ಆಜ್ಞೆ ಮಾಡಿದ. 1865ರಲ್ಲಿ ರಸ್ತೆ ತೆರೆಯಿತು.

ಊರಿನ ನಡುವೆ ಸ್ಟೆಫಾನ್ಸ್‌ಡೋಮ್ ಎಂಬ ದೊಡ್ಡ ಇಗರ್ಜಿ ಇದೆ, ಗೋಪುರದ ಎತ್ತರ 136 ಮೀಟರ್. ಅದರ ಪುಮ್ಮರಿನ್ ಎಂಬ ದೊಡ್ಡ ಗಂಟೆಯನ್ನು ಮೊದಲು ಎರಕ ಹೊಯ್ದದ್ದು 1683ರ ಯುದ್ಧದಲ್ಲಿ ಉಸ್ಮಾನಿಯರಿಂದ ವಶಪಡಿಸಿಕೊಂಡ ಫಿರಂಗಿಗಳ ಲೋಹದಿಂದ. 1945ರ ಬೆಂಕಿಯಲ್ಲಿ ಅದು ಬಿದ್ದು ಒಡೆಯಿತು, ಆ ಚೂರುಗಳನ್ನೇ ಕರಗಿಸಿ ಮತ್ತೆ ಎರಕ ಹೊಯ್ದರು. ಇದೇ ದೇಶ 1912ರಲ್ಲಿ ಇಸ್ಲಾಂ ಧರ್ಮಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು. ಬೋಸ್ನಿಯಾದ ಮುಸ್ಲಿಮರು ಆಗ ಅದರ ಪ್ರಜೆಗಳಾಗಿದ್ದರು. 1979ರಲ್ಲಿ ಡ್ಯಾನ್ಯೂಬ್ ದಂಡೆಯಲ್ಲಿ ಮಿನಾರದ ಮಸೀದಿಯೂ ಎದ್ದು ನಿಂತಿತು. ಪುಸ್ತಕದಲ್ಲಿ ‘ವಿಯೆನ್ನಾ ಮುತ್ತಿಗೆ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುವ ಕತೆ, ಊರಿನಲ್ಲಿ ನಡೆದಾಡುವಾಗ ಮುಗಿಯುವುದಿಲ್ಲ. ಯುದ್ಧ ಮಾಡಿದವರ ಮಕ್ಕಳೂ ಮೊಮ್ಮಕ್ಕಳೂ ಒಂದೇ ಸಂತೆಯಲ್ಲಿ ಟೊಮೆಟೊ ಚೌಕಾಸಿ ಮಾಡುವುದನ್ನು ಒಟ್ಟಾಕ್ರಿಂಗ್ ಬಡಾವಣೆಯ ಬ್ರುನೆನ್‌ಮಾರ್ಕ್ಟ್‌ನಲ್ಲಿ ನೋಡಬಹುದು. ತುರ್ಕಿಯವರೂ ಬಾಲ್ಕನ್ ಪ್ರದೇಶದವರೂ ಅಂಗಡಿ ಇಟ್ಟಿರುವ ಸಂತೆ ಅದು. ಹಲಾಲ್ ಊಟದ ಚಿಂತೆಯೂ ಅಲ್ಲಿಗೆ ಮುಗಿಯುತ್ತದೆ. ರೊಟ್ಟಿ, ಫಲಾಫೆಲ್, ಆಲಿವ್. ಕುಡಿಯುವ ನೀರಿಗೆ ಬಾಟಲಿ ಕೊಳ್ಳಬೇಕಾಗಿಲ್ಲ. ನಲ್ಲಿಯಲ್ಲಿ ಬರುವುದೇ ಆಲ್ಪ್ಸ್ ಬೆಟ್ಟಗಳ ಚಿಲುಮೆಯ ನೀರು. 1873ರಲ್ಲಿ ಮತ್ತು 1910ರಲ್ಲಿ ಕಟ್ಟಿದ ಎರಡು ದೊಡ್ಡ ಕೊಳವೆ ಮಾರ್ಗಗಳು ಅದನ್ನು ಇಂದಿಗೂ ಊರಿಗೆ ತರುತ್ತಿವೆ.

ಇಷ್ಟರವರೆಗೆ ಎಲ್ಲವೂ ಸರಿ. ಕಷ್ಟ ಬರುವುದು ಸಂಜೆ. ಬೆಳಗಿನಿಂದ ಏನಾದರೊಂದು ಕೆಲಸ ಇತ್ತು. ಸಂಜೆ ಆರು ಗಂಟೆಗೆ ಕೆಲಸ ಮುಗಿದಿರುತ್ತದೆ, ಬೆಳಕು ಮಾತ್ರ ಮುಗಿದಿರುವುದಿಲ್ಲ. ಕಾಫಿ ಅಂಗಡಿಗಳಲ್ಲಿ ಜನ ಇಬ್ಬರು ಮೂವರಾಗಿ ಕೂತಿರುತ್ತಾರೆ. ಅಲ್ಲಿ ಒಂದು ಕಪ್ ಕಾಫಿ, ಜೊತೆಗೆ ಒಂದು ಲೋಟ ನೀರು ಇಟ್ಟುಕೊಂಡು ಎಷ್ಟು ಹೊತ್ತು ಕೂತರೂ ಯಾರೂ ಎಬ್ಬಿಸುವುದಿಲ್ಲ. ಆದರೆ ಒಬ್ಬರೇ ಕೂತು ತಿನ್ನುವುದು ನಮಗೆ ಅಭ್ಯಾಸವೇ ಇಲ್ಲ. ಒಂದೇ ತಟ್ಟೆಯ ಸುತ್ತ ಕೂತು ಉಣ್ಣುವ ಮನೆಯವರು ನಾವು. ಇಡೀ ದಿನ ಕನ್ನಡವನ್ನೋ ಬ್ಯಾರಿಯನ್ನೋ ಒಂದು ಶಬ್ದವೂ ಆಡದೆ ಕಳೆದದ್ದು ಆಗ ನೆನಪಾಗುತ್ತದೆ. ಉಮ್ಮನಿಗೆ ಫೋನ್ ಮಾಡೋಣವೆಂದರೆ, ಅಲ್ಲಿ ರಾತ್ರಿ ಎಂಟು ಗಂಟೆಯಾದಾಗ ಊರಿನಲ್ಲಿ ಹನ್ನೊಂದೂವರೆ. ಅವರು ಮಲಗಿರುತ್ತಾರೆ, ಅಥವಾ ಮಲಗದೆ ಕಾಯುತ್ತಿರುತ್ತಾರೆ. ಯಾವುದು ಎಂದು ಯೋಚಿಸಿದರೂ ಮನಸ್ಸು ಭಾರವಾಗುತ್ತದೆ.

ಟ್ಯುನಿಸ್‌ನ ಬಾಗಿಲಿನಲ್ಲಿ ಅತ್ತವನ ಸ್ಥಿತಿ ಇದೇ. ಹಲವರು ಈ ಗಂಟೆಯಲ್ಲಿ ಮೊಬೈಲ್ ತೆಗೆದು ಮಲಗುವವರೆಗೂ ರೀಲ್ಸ್ ನೋಡುತ್ತಾರೆ. ನಾನು ಹೇಳುವುದು, ಆ ಗಂಟೆಯನ್ನು ತಪ್ಪಿಸಿಕೊಳ್ಳಬೇಡಿ. ಬೆಂಚಿನ ಮೇಲೆ ಕೂತುಕೊಳ್ಳಿ. ಬೇಸರವಾಗಲಿ. ನಾಳೆ ಏನು ಮಾಡಬೇಕು, ಎಷ್ಟು ಖರ್ಚಾಯಿತು, ಇವತ್ತು ಯಾರು ಸಹಾಯ ಮಾಡಿದರು ಎಂದು ಬರೆದಿಡಿ. ಸಹಾಯ ಮಾಡಿದವರು ಖಂಡಿತ ಇರುತ್ತಾರೆ. ನನ್ನ ಪಟ್ಟಿಯಲ್ಲಿ ಅಂದು ಮೂವರಿದ್ದರು: ಟಿಕೆಟ್ ಯಂತ್ರದ ಬಳಿ ಇಂಗ್ಲಿಷ್ ಗುಂಡಿ ತೋರಿಸಿದ ಅಜ್ಜಿ, ದಾರಿ ಹೇಳಲು ಇಪ್ಪತ್ತು ಹೆಜ್ಜೆ ಜೊತೆಗೆ ನಡೆದ ಶಾಲೆಯ ಹುಡುಗ, ಸಲಾಂ ಕೇಳಿ ಮುಗುಳ್ನಕ್ಕು ಚಹಾಕ್ಕೆ ಹಣ ಬೇಡವೆಂದ ಸಂತೆಯ ಅಂಗಡಿಯವನು. ಗುಂಪಿನಲ್ಲಿ ಹೋಗಿದ್ದರೆ ಈ ಮೂವರಲ್ಲಿ ಒಬ್ಬರ ಜೊತೆಗೂ ಮಾತಾಡುವ ಸಂದರ್ಭ ಬರುತ್ತಿರಲಿಲ್ಲ. ಜೊತೆಯಿಲ್ಲದವನನ್ನು ಲೋಕ ತಾನಾಗಿ ಮಾತಾಡಿಸುತ್ತದೆ. ಜೊತೆಯಿಲ್ಲದವನೂ ಕೇಳಲು ನಾಚುವುದನ್ನು ಬಿಡುತ್ತಾನೆ.

ನಾವು ಅತಿಥಿಗಳು ಎಂಬುದನ್ನೂ ಆ ದಿನವೇ ಕಲಿಯಬೇಕು. ಯುರೋಪಿನ ಹಲವು ಊರುಗಳು ಪ್ರವಾಸಿಗರಿಂದ ಬೇಸತ್ತಿವೆ. 2024ರಲ್ಲಿ ವೆನಿಸ್ ನಗರ ಕೆಲವು ದಿನಗಳಂದು ಹಗಲಿಗೆ ಮಾತ್ರ ಬಂದು ಹೋಗುವವರಿಂದ 5 ಯೂರೋ ಪ್ರವೇಶ ಶುಲ್ಕ ವಸೂಲಿ ಶುರುಮಾಡಿತು. ಅದೇ ವರ್ಷ ಬಾರ್ಸಿಲೋನಾದಲ್ಲಿ ಪ್ರತಿಭಟನೆ ಮಾಡಿದ ಜನ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಹಾರಿಸಿದರು. ಬಾಡಿಗೆ ಏರಿ ಊರಿನವರಿಗೇ ಮನೆ ಸಿಗುತ್ತಿಲ್ಲ ಎಂಬುದು ಅವರ ಸಂಕಟ. ಒಂದು ಊರಿಗೆ ಹೋಗಿ ಅರ್ಧ ದಿನ ಫೋಟೊ ತೆಗೆದು ಬಸ್ ಹತ್ತುವ ಪ್ರವಾಸ ಆ ಸಂಕಟವನ್ನು ಹೆಚ್ಚಿಸುತ್ತದೆ. ಕಡಿಮೆ ಊರು, ಹೆಚ್ಚು ದಿನ, ಅಲ್ಲಿನವರು ತಿನ್ನುವ ಜಾಗದಲ್ಲಿ ಊಟ, ಅಲ್ಲಿನವರಂತೆ ಸಾಲಿನಲ್ಲಿ ನಿಲ್ಲುವುದು, ಇದು ಒಬ್ಬರೇ ಹೋದವರಿಗೆ ಸುಲಭ.

ಆಕ್ಷೇಪಗಳಿವೆ, ಅವುಗಳನ್ನು ತಳ್ಳಿಹಾಕುವುದಿಲ್ಲ. ಮೊದಲನೆಯದು ದುಡ್ಡು. ‘ಅಷ್ಟು ಹಣದಲ್ಲಿ ಒಬ್ಬ ಬಡ ವಿದ್ಯಾರ್ಥಿಯ ಫೀಸು ಕಟ್ಟಬಹುದಿತ್ತಲ್ಲ’ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಮಾತು ನ್ಯಾಯವಾದದ್ದೇ. ಆದರೆ ಮದುವೆಯ ಒಂದು ದಿನದ ಊಟಕ್ಕೆ, ಹೊಸ ಕಾರಿಗೆ ನಾವು ಖರ್ಚು ಮಾಡುವಾಗ ಈ ಪ್ರಶ್ನೆ ಅಷ್ಟು ಗಟ್ಟಿಯಾಗಿ ಕೇಳಿಬರುವುದಿಲ್ಲ. ಸಾಲ ಮಾಡಿ ಪ್ರವಾಸ ಹೋಗಬೇಡಿ, ಮನೆಯ ಕರ್ತವ್ಯ ಬಿಟ್ಟು ಹೋಗಬೇಡಿ. ಕೈಯಲ್ಲಿ ಉಳಿದ ಹಣದಲ್ಲಿ ಲೋಕ ನೋಡುವುದನ್ನು ಮಾತ್ರ ದುಂದು ಎಂದು ಬೇರೆಯಾಗಿ ನೋಡಬೇಡಿ.

ಎರಡನೆಯದು ಸುರಕ್ಷತೆ, ಅದರಲ್ಲೂ ಹೆಣ್ಣುಮಕ್ಕಳದು. ಭಯ ನಿಜವಾದದ್ದು. ರೋಮ್, ಪ್ಯಾರಿಸ್, ಬಾರ್ಸಿಲೋನಾಗಳಲ್ಲಿ ಜೇಬುಗಳ್ಳರ ಕಾಟವಿದೆ. ರಾತ್ರಿ ತಡವಾಗಿ ಇಳಿಯುವ ವಿಮಾನ ತೆಗೆದುಕೊಳ್ಳಬಾರದು, ಮೊದಲ ರಾತ್ರಿಯ ಕೋಣೆ ಮೊದಲೇ ಗೊತ್ತಾಗಿರಬೇಕು, ಪಾಸ್‌ಪೋರ್ಟಿನ ಪ್ರತಿ ಬೇರೆ ಕಡೆ ಇರಬೇಕು, 112 ಎಂಬ ತುರ್ತು ಸಂಖ್ಯೆ ಬಾಯಿಪಾಠವಿರಬೇಕು. ಯಾರು, ಯಾವ ವಯಸ್ಸಿನಲ್ಲಿ, ಯಾರ ಜೊತೆ ಪ್ರಯಾಣ ಮಾಡಬೇಕು ಎಂಬುದು ಪ್ರತಿಯೊಂದು ಮನೆಯ ತೀರ್ಮಾನ, ಅದರಲ್ಲಿ ನಾನು ಕೈ ಹಾಕುವುದಿಲ್ಲ. ನಾನು ಹೇಳುವುದು ಸಾಮರ್ಥ್ಯದ ಮಾತು. ಜೊತೆಗೆ ಯಾರಿದ್ದರೂ ದಾರಿ ಓದಲು ಬರಬೇಕು, ಹಣ ಲೆಕ್ಕ ಹಾಕಲು ಬರಬೇಕು, ಅಪರಿಚಿತರ ಜೊತೆ ಧೈರ್ಯವಾಗಿ ಮರ್ಯಾದೆಯಿಂದ ಮಾತಾಡಲು ಬರಬೇಕು. ಮಗಳಿಗೆ ಇದನ್ನು ಕಲಿಸದೆ ಇಟ್ಟರೆ ಅವಳು ಸುರಕ್ಷಿತಳಾಗುವುದಿಲ್ಲ, ಅವಲಂಬಿತಳಾಗುತ್ತಾಳೆ. ಆರುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆ ನಡೆಸುತ್ತಿದ್ದ ಕರಾವಳಿ ನಮ್ಮದು ಎಂಬುದನ್ನು ಮರೆಯಬಾರದು.

ಕಾಲೇಜಿಗೆ ನನ್ನ ಒತ್ತಾಯ ಇಲ್ಲಿದೆ. ನಮ್ಮ ಶೈಕ್ಷಣಿಕ ಪ್ರವಾಸ ನಡೆಯುವ ಕ್ರಮ ಎಲ್ಲರಿಗೂ ಗೊತ್ತು. ರಾತ್ರಿ ಬಸ್ಸು, ಬೆಳಿಗ್ಗೆ ತಲೆ ಎಣಿಕೆ, ಮೈಸೂರು ಅರಮನೆ, ಮತ್ತೆ ತಲೆ ಎಣಿಕೆ, ಮೃಗಾಲಯ, ಮತ್ತೆ ತಲೆ ಎಣಿಕೆ. ಎರಡು ದಿನದಲ್ಲಿ ಒಬ್ಬ ವಿದ್ಯಾರ್ಥಿಯೂ ಒಂದು ತೀರ್ಮಾನವನ್ನು ತಾನಾಗಿ ತೆಗೆದುಕೊಂಡಿರುವುದಿಲ್ಲ. ಮಕ್ಕಳು ಕಳೆದುಹೋಗದಂತೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ, ನಿಜ. ದಾರಿ ಹುಡುಕಲು ಕಲಿಸುವುದೂ ನಮ್ಮದೇ ಜವಾಬ್ದಾರಿ. ಈ ವರ್ಷದ ಪ್ರವಾಸದಲ್ಲಿ ಒಂದು ಹಗಲು, ಎರಡು ಗಂಟೆ, ಮೂರು ಮೂರು ಜನರ ತಂಡ ಮಾಡೋಣ. ಕೈಯಲ್ಲಿ ಕಾಗದದ ನಕ್ಷೆ, ನೂರು ರೂಪಾಯಿ, ಸಿಟಿ ಬಸ್ಸಿನಲ್ಲಿ ಹೋಗಿ ಸೇರಬೇಕಾದ ಒಂದು ಜಾಗ. ಯಾರ ಸಹಾಯ ಕೇಳಿದಿರಿ, ಎಲ್ಲಿ ದಾರಿ ತಪ್ಪಿತು, ಎಷ್ಟು ಖರ್ಚಾಯಿತು ಎಂದು ಒಂದು ಪುಟ ಬರೆದುಕೊಡಲಿ. ಪ್ರವಾಸದ ಬಜೆಟ್ಟನ್ನೂ ಮಕ್ಕಳ ಸಮಿತಿಯೇ ಮಾಡಲಿ, ನಾವು ತಿದ್ದೋಣ. ಇದಕ್ಕೆ ಹೆಚ್ಚಿನ ಹಣ ಬೇಡ, ಒಬ್ಬಿಬ್ಬರು ಅಧ್ಯಾಪಕರ ಧೈರ್ಯ ಸಾಕು.

ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ. ಯುರೋಪು ದೂರವಿರಬಹುದು. ಬರುವ ರಜೆಯಲ್ಲಿ ಮನೆಯವರ ಒಪ್ಪಿಗೆ ಪಡೆದು, ಇದುವರೆಗೆ ನೋಡದ ಒಂದು ಹತ್ತಿರದ ಊರಿಗೆ ಬಸ್ಸಿನಲ್ಲಿ ಹೋಗಿ ಬನ್ನಿ. ಗೂಗಲ್ ಮ್ಯಾಪ್ ನೋಡುವ ಮೊದಲು ಒಬ್ಬರನ್ನು ಕೇಳಿ. ಒಬ್ಬರೇ ಕೂತು ಒಂದು ಹೊತ್ತು ಊಟ ಮಾಡಿ. ಇನ್ನೊಂದು ಮಾತು, ಇದು ನಾಳೆಯೇ ಮಾಡಬಹುದಾದದ್ದು. ನಮ್ಮ ಕಾಲೇಜಿಗೂ ಪ್ರತಿ ಜೂನ್‌ನಲ್ಲಿ ಬೇರೆ ಊರಿನಿಂದ ಬಂದ, ಯಾರ ಪರಿಚಯವೂ ಇಲ್ಲದ ಹೊಸಬರು ಸೇರುತ್ತಾರೆ. ಗೇಟಿನ ಬಳಿ ಹಳಬರು ಹಳಬರಿಗೆ ಸಲಾಂ, ನಮಸ್ಕಾರ ಹೇಳಿಕೊಂಡು ಒಳಗೆ ಹೋಗುತ್ತಾರೆ. ಇವರು ಒಂದು ಬದಿಯಲ್ಲಿ ನಿಂತಿರುತ್ತಾರೆ. ಅವರಲ್ಲಿ ಒಬ್ಬರ ಬಳಿಗೆ ಹೋಗಿ ಹೆಸರು ಕೇಳಿ, ತರಗತಿಯವರೆಗೂ ಮಾತಾಡಿಸುತ್ತ ಬನ್ನಿ.